ದಿನದ ವಚನ ಓದಿದರೂ ಹೆದರಿಕೆ ಹೋಗುತ್ತಿಲ್ಲ, ನೀವೆಲ್ಲ ಹೇಗೆ ಧ್ಯಾನ ಮಾಡುತ್ತೀರಿ?

ಕೇಳಿದವರು, ಕಾರವಾರ:

ನನ್ನ ಗಂಡ ಬೈತಖೋಲ ಬಂದರಿನಿಂದ ಮೀನಿನ ಬೋಟಿಗೆ ಹೋಗುತ್ತಾರೆ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದು ಬೋಟು ಇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಬೆಳಿಗ್ಗೆ ಮೊಬೈಲಿಗೆ ಬರುವ ಸತ್ಯವೇದದ (ಬೈಬಲಿನ) ಒಂದು ವಚನ ಓದುತ್ತೇನೆ. ಚಹಾಕ್ಕೆ ನೀರಿಡುವಷ್ಟರಲ್ಲಿ ಮರೆತುಹೋಗಿರುತ್ತದೆ. ದೇವರನ್ನು ನಂಬಿದವರು ಹೀಗೆ ಹೆದರಬಾರದು ಎಂದು ಮನೆಯಲ್ಲಿ ಹೇಳುತ್ತಾರೆ. ನಿಮ್ಮ ಅನುಭವ ತಿಳಿಸಿ.

ಅಂಕೋಲಾದಿಂದ:

ತಂಗಿ, ಹೆದರಿಕೆ ಇದ್ದರೆ ನಂಬಿಕೆ ಇಲ್ಲ ಅನ್ನುವ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಕೀರ್ತನೆ 56 ತೆಗೆದು ನೋಡಿ. ಗತ್ ಊರಿನಲ್ಲಿ ಫಿಲಿಷ್ಟಿಯರು ದಾವೀದನನ್ನು ಹಿಡಿದಾಗಿನದು ಎಂದು ಅದರ ತಲೆಬರಹದಲ್ಲೇ ಇದೆ. ಹೆದರಿಕೆಯಾದಾಗ ನಿನ್ನನ್ನೇ ನಂಬುತ್ತೇನೆ ಅನ್ನುತ್ತಾನೆ ಅವನು. ಮುಂದಿನ ವಚನದಲ್ಲಿ ಹೆದರುವುದಿಲ್ಲ ಅಂತಲೂ ಹೇಳುತ್ತಾನೆ, ನಿಜ. ಆದರೆ ಆ ಮಾತು ಬರುವುದು ಹೆದರಿಕೆಯನ್ನು ದೇವರ ಹತ್ತಿರ ಹೇಳಿಕೊಂಡ ಮೇಲೆ.

ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಯೇಸು ಶಿಷ್ಯರನ್ನು ಕೇಳಲಿಲ್ಲವಾ, ಯಾಕೆ ಹೆದರುತ್ತೀರಿ ಎಂದು? ಕೇಳಿದ್ದು ಹೌದು. ಆದರೆ ಮಾರ್ಕ 4ನೇ ಅಧ್ಯಾಯ ನಿಧಾನಕ್ಕೆ ಓದಿ. ಆತ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದ. ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವಾ ಎಂದು ಅವರು ಎಬ್ಬಿಸಿದರು. ಮಾರ್ಕನಲ್ಲಿ ಆತ ಮೊದಲು ಗಾಳಿಯನ್ನು ಸುಮ್ಮನಾಗಿಸಿ, ಆಮೇಲೆ ಆ ಪ್ರಶ್ನೆ ಕೇಳುತ್ತಾನೆ. ಮತ್ತಾಯ 8ರಲ್ಲಿ ಪ್ರಶ್ನೆ ಮೊದಲು, ಗಾಳಿ ಆಮೇಲೆ. ಎರಡರಲ್ಲೂ ಆತ ಎದ್ದದ್ದು ಹೆದರಿ ಕೂಗಿದವರ ಕೂಗಿಗೇ. ನನಗೆ ಅಷ್ಟು ಸಾಕು.

ಇನ್ನು ಓದುವ ವಿಷಯ. ಒಂಟಿ ವಚನದಿಂದ ಹೊಟ್ಟೆ ತುಂಬದಿದ್ದರೆ ಇಡೀ ಕೀರ್ತನೆ ಹಿಡಿಯಿರಿ. ಬೋಟಿನ ಮನೆಯವರಿಗೆ ಕೀರ್ತನೆ 107. ಅದರಲ್ಲಿ ನಾಲ್ಕು ಬಗೆಯ ಜನ ಬರುತ್ತಾರೆ: ದಾರಿ ತಪ್ಪಿದವರು, ಸೆರೆಯಲ್ಲಿದ್ದವರು, ಕಾಯಿಲೆ ಬಿದ್ದವರು, ಕೊನೆಗೆ ಹಡಗಿನವರು. ನಾಲ್ಕು ಸಲವೂ, ಅವರು ಕಷ್ಟದಲ್ಲಿ ದೇವರಿಗೆ ಮೊರೆಯಿಟ್ಟರು ಎಂಬ ಸಾಲು ತಿರುಗಿ ಬರುತ್ತದೆ. 23ರಿಂದ 30ರವರೆಗೆ ಸಮುದ್ರದ ಮಾತು. ಅಲೆ ಮೇಲಕ್ಕೆತ್ತಿ ತಳಕ್ಕೆ ಇಳಿಸುತ್ತದೆ, ಜನ ಕುಡಿದವರ ಹಾಗೆ ತೂರಾಡುತ್ತಾರೆ, ಕಲಿತ ಜಾಣತನವೆಲ್ಲ ಕೈಕೊಡುತ್ತದೆ. ನಮ್ಮ ಯಜಮಾನರಿಗೆ ಓದಿ ಹೇಳಿದಾಗ, ಇದನ್ನು ಬರೆದವನು ಸಮುದ್ರ ಕಂಡವನೇ ಅಂದರು.

ಬೋಟು ಹೊರಟ ದಿನ ನಾನು ಅದನ್ನು ಬಾಯಿಬಿಟ್ಟು ಓದುತ್ತೇನೆ. ಮುಗಿದ ಮೇಲೆ ನಮ್ಮವರ ಹೆಸರು, ಬೋಟು ನಡೆಸುವ ತಾಂಡೇಲರ ಹೆಸರು, ಖಲಾಸಿಗಳ ಹೆಸರು ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತೇನೆ. ವಾರವಿಡೀ ಅದೇ ಕೀರ್ತನೆ ಇರಲಿ. ದಿನಾ ಹೊಸದೇ ಬೇಕು ಅಂತ ಯಾರೂ ಹೇಳಿಲ್ಲ.

ಕುಮಟಾದಿಂದ:

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನನ್ನ ಅಣ್ಣ ಲಾರಿ ಓಡಿಸುತ್ತಾನೆ, ಹೆದ್ದಾರಿ 66ರಲ್ಲೇ ಜಾಸ್ತಿ ಓಡಾಟ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅವನು ಬೇರೆ ಕಡೆ ಇದ್ದ. ಆದರೆ ಗಂಗಾವಳಿ ನದಿಯಲ್ಲಿ ಸೆಪ್ಟೆಂಬರ್ ತನಕ ಕಾಣೆಯಾದವರ ಹುಡುಕಾಟ ನಡೆಯಿತಲ್ಲ, ಆ ದಿನಗಳಲ್ಲಿ ದೇವರು ಕಾಯುತ್ತಾನೆ ಅನ್ನುವ ವಚನ ಓದಲು ನನಗೆ ಬಾಯಿ ಬರುತ್ತಿರಲಿಲ್ಲ. ಹೋದವರ ಮನೆಗಳಲ್ಲೂ ಪ್ರಾರ್ಥನೆ ಇತ್ತಲ್ವಾ?

ನಮ್ಮ ಪಾಸ್ಟರ್ ಸಮಾಧಾನ ಹೇಳಲು ಬರಲಿಲ್ಲ. ಕೀರ್ತನೆ 13 ಓದು ಅಂದರು. ಆರೇ ವಚನ. ಎಷ್ಟರವರೆಗೆ ಎಂದು ನಾಲ್ಕು ಸಲ ದೇವರನ್ನೇ ಕೇಳಿ, ಆಮೇಲೆ ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೇನೆ ಅನ್ನುತ್ತದೆ. ಕೀರ್ತನೆ 88ರಲ್ಲಿ ಅದೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆ ಅನ್ನುವುದೇ ನನಗೆ ದೊಡ್ಡ ಬಲವಾಯಿತು. ಮನಸ್ಸಿಗೆ ಬಂದದ್ದನ್ನು ಬಚ್ಚಿಡದೆ ದೇವರ ಮುಂದೆ ಸುರಿಯಿರಿ. ಕೋಪ ಬಂದಿದ್ದರೆ ಅದನ್ನೂ.

ಶಿರಸಿಯಿಂದ:

ಮೊಬೈಲಿಗೆ ವಚನ ಬರಲಿ, ಬೇಡ ಅನ್ನುವುದಿಲ್ಲ. ಅದರ ಹಿಂದೆ ಮುಂದೆ ಏನಿದೆ ನೋಡಿ. ಯೆರೆಮೀಯ 29:11 ಎಲ್ಲರಿಗೂ ಇಷ್ಟ, ಒಳ್ಳೆಯ ದಿನ ಬರುತ್ತದೆ ಅನ್ನುವ ಮಾತು. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಎಂದಿದೆ. ಅದಕ್ಕೂ ಮೊದಲು ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅನ್ನುತ್ತದೆ. ಈ ಮೂರು ಮಾತೂ ಸೇರಿದರೇ ಆ ವಚನಕ್ಕೆ ತೂಕ.

ಓದಲು ಹೊತ್ತಿಲ್ಲದಿದ್ದರೆ ಕೇಳಿ. ಅಡಿಕೆ ಸುಲಿಯುವ ಕಾಲದಲ್ಲಿ ನಮಗೆ ಕೈ ಬಿಡುವಿರುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಮೊಬೈಲಿನಲ್ಲಿ ಒಂದೇ ಅಧ್ಯಾಯವನ್ನು ಎರಡೆರಡು ಸಲ ಹಾಕುತ್ತೇನೆ.

ಹೊನ್ನಾವರದಿಂದ:

ನಾವು ಕಥೋಲಿಕರು. ಪೂಜೆಯ ವಾಚನಗಳು ಪ್ರತಿ ದಿನಕ್ಕೂ ಮೊದಲೇ ಗೊತ್ತಾಗಿರುತ್ತವೆ, ಭಾನುವಾರದ್ದು 3 ವರ್ಷದ ಸುತ್ತು. ಅವನ್ನೇ ಮನೆಯಲ್ಲಿ ಓದುತ್ತೇನೆ. ಹಿಡಿಸಿದ್ದನ್ನೇ ಹುಡುಕಿ ಓದುವ ಗೋಜಿಲ್ಲ. ಹಿಡಿಸದ ಭಾಗವೂ ಬರುತ್ತದೆ, ಅದೂ ಬೇಕು. ಡಿಸೆಂಬರ್ 3ರ ಚಂದಾವರ ಚರ್ಚಿನ ಹಬ್ಬಕ್ಕೆ ಬಂದರೆ ನಮ್ಮ ಮನೆಗೂ ಬನ್ನಿ.

ಭಟ್ಕಳದಿಂದ, ಬೋಟಿನ ತಾಂಡೇಲ:

ತಂಗಿ, ಅಪೊಸ್ತಲರ ಕೃತ್ಯಗಳು 27 ಓದಿ. ಪೌಲ ಆ ಹಡಗಿನಲ್ಲಿ ಕೈದಿ. ಈ ಕಾಲದಲ್ಲಿ ಹೊರಡಬೇಡಿ ಎಂದು ಮೊದಲೇ ಎಚ್ಚರಿಸಿದ್ದ, ಯಾರೂ ಕೇಳಲಿಲ್ಲ. ಬಿರುಗಾಳಿಗೆ ಸಿಕ್ಕಿದರು. ಒಟ್ಟು 276 ಜನ. ಒಬ್ಬರ ಪ್ರಾಣವೂ ಹೋಗುವುದಿಲ್ಲ ಎಂದು ದೇವದೂತ ತಿಳಿಸಿದ. ಆಮೇಲೂ ನಾವಿಕರು ಆಳ ನೋಡಿದರು: ಮೊದಲು 20 ಮಾರು, ಸ್ವಲ್ಪ ಮುಂದೆ 15 ಮಾರು. ಬಂಡೆಗೆ ಬಡಿಯಬಾರದೆಂದು ಹಿಂದಿನಿಂದ 4 ಲಂಗರು ಬಿಟ್ಟರು. ಪೌಲ ಎಲ್ಲರಿಗೂ ಊಟ ಮಾಡಿ ಅಂದ. ಹಡಗು ಒಡೆಯಿತು, ಜನ ಎಲ್ಲ ದಡ ಸೇರಿದರು. ದೇವರ ಮಾತು ಸಿಕ್ಕಿತೆಂದು ಆ ಹಡಗಿನಲ್ಲಿ ಕೆಲಸ ನಿಲ್ಲಲಿಲ್ಲ. ಸಮುದ್ರದಲ್ಲಿ ನಾನು ನಂಬುವುದೂ ಹಾಗೆಯೇ.

ಅದಕ್ಕೇ ಹೇಳುತ್ತೇನೆ, ಹವಾಮಾನದ ಎಚ್ಚರಿಕೆ ಇದ್ದ ದಿನ ಹೋಗಬೇಡಿ ಎಂದು ಗಂಡನಿಗೆ ಬಾಯಿಬಿಟ್ಟು ಹೇಳಿ. ಅದು ಅಪನಂಬಿಕೆಯಲ್ಲ. ಬೋಟಿನಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ ಕೇಳಿ. ಬರುವಾಗ ನೆಟ್‌ವರ್ಕ್ ಸಿಕ್ಕ ಕೂಡಲೇ ಫೋನ್ ಮಾಡಲು ಹೇಳಿ. ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.