ಸಹಾಯ ಬೇಕು: ಹಳೇ ಕಾರ್ಖಾನೆಯ ಬೀದಿದೀಪಕ್ಕೆ ಯಾವ ಬಲ್ಬ್?

ಎಲ್ಲರಿಗೂ ನಮಸ್ಕಾರ. ಭದ್ರಾವತಿ ಹತ್ತಿರ ಮುಚ್ಚಿ ವರ್ಷಗಳಾದ ಒಂದು ಕಾರ್ಖಾನೆ ಇದೆ. ಒಳಗಿನ ರಸ್ತೆ ತುಂಬಾ ಲಂಟಾನ ಬೆಳೆದಿದೆ, ಆದರೂ ನಾಲ್ಕು ಬೀದಿದೀಪ ಕಂಬದ ಮೇಲೇ ಉಳಿದಿದ್ದವು. ಮುಂದಿನ ವಾರ ಎಲ್ಲಾ ಗುಜರಿಗೆ ಹೋಗುತ್ತೆ ಅಂತ ಗೊತ್ತಾಗಿ, ಜಾಗದವರನ್ನು ಕೇಳಿ ಒಂದನ್ನು ಇಳಿಸಿಕೊಂಡು ಬಂದೆ. ಹೊರಗೆ ಹಸಿರು, ಒಳಗೆ ಬಿಳಿ ಎನಾಮಲ್ ಶೇಡ್. ಅಂಚಿನಲ್ಲಿ ಮಾತ್ರ ತುಕ್ಕು, ಒಳಗೊಂದು ಕಣಜದ ಮಣ್ಣಿನ ಗೂಡು. ತೊಳೆದ ಮೇಲೆ ಎಷ್ಟು ಚೆನ್ನಾಗಿದೆ ಗೊತ್ತಾ!

ಮೊದಲಿನ ಹಾಗೇ ಉರಿಸಬೇಕು ಅಂತ ಆಸೆ. ಆದರೆ ಬಲ್ಬ್ ಇಲ್ಲ, ಕಂಬದ ಬುಡದಲ್ಲಿರೋ ಚೋಕ್ ಪೆಟ್ಟಿಗೆಯೂ ಖಾಲಿ. ಇರೋದು ದೊಡ್ಡ ಥ್ರೆಡ್ಡಿನ ಪಿಂಗಾಣಿ ಹೋಲ್ಡರ್, ಅಳತೆ 40 ಮಿ.ಮೀ. ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. 250 ವ್ಯಾಟ್ ಮರ್ಕ್ಯುರಿ ದೀಪಕ್ಕೂ (ಬಿಳಿ ಬೆಳಕು) ಸೋಡಿಯಂ ದೀಪಕ್ಕೂ (ಕಿತ್ತಳೆ ಬೆಳಕು) ಇದೇ ಹೋಲ್ಡರ್ ಅಲ್ವಾ? ಮರ್ಕ್ಯುರಿಗೆ ಚೋಕ್ ಸಾಕು, ಸೋಡಿಯಂಗೆ ಇಗ್ನೈಟರ್ (ದೀಪ ಹೊತ್ತಿಸೋ ಸಾಧನ) ಕೂಡ ಬೇಕು. ಅಂಗಡಿಗಳಲ್ಲಿ ಕೇಳಿದರೆ ಸುಮ್ನೆ ಎಲ್‌ಇಡಿ ಹಾಕಿ ಅಂತಾರೆ. ಅಲ್ಲೇ ಕೆಲಸ ಮಾಡಿದ ನಮ್ಮ ದೊಡ್ಡಪ್ಪನಿಗೂ ಬಿಳಿ ಬೆಳಕಾ, ಕಿತ್ತಳೆ ಬೆಳಕಾ ನೆನಪಿಲ್ಲ.

ಹೋಲ್ಡರ್ ಅಥವಾ ಶೇಡ್ ನೋಡಿ ಯಾವ ದೀಪ ಅಂತ ಹೇಳೋಕೆ ಏನಾದರೂ ಗುರುತು ಇದೆಯಾ? ಉಳಿದ ಮೂರು ಕಂಬ ಗುಜರಿಗೆ ಹೋಗೋ ಮೊದಲು ಅವುಗಳಲ್ಲಿ ಏನನ್ನು ನೋಡಿಕೊಳ್ಳಬೇಕು?