ಒಪ್ಪಂದದಲ್ಲಿ ಸಾಂಕ್ರಾಮಿಕ ರೋಗದ ಮಾತೇ ಇಲ್ಲ, ಸಹಿ ಹಾಕಬಹುದಾ?

ಗಾರೆ_ಗುತ್ತಿಗೆ:
ನಮ್ಮದು ಗಾರೆ ಮತ್ತು ಟೈಲ್ಸ್ ಕೆಲಸದ ಸಣ್ಣ ಸಂಸ್ಥೆ. ನಲವತ್ತರ ಆಸುಪಾಸು ಕೆಲಸಗಾರರಿದ್ದಾರೆ. ದೊಡ್ಡ ಕಟ್ಟಡವೊಂದರ ಉಪಗುತ್ತಿಗೆ ಮಾತುಕತೆ ಕೊನೆಯ ಹಂತಕ್ಕೆ ಬಂದಿದೆ. ಮುಖ್ಯ ಗುತ್ತಿಗೆ 1999ರ ಫಿಡಿಕ್ ಕೆಂಪು ಪುಸ್ತಕದ ಮಾದರಿ, ಅಂದರೆ ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟದ ಸಿದ್ಧ ನಿರ್ಮಾಣ ಒಪ್ಪಂದ. ನಮಗೆ ಕೊಟ್ಟ ಕರಡೂ ಅದನ್ನೇ ನೋಡಿ ಬರೆದದ್ದು. ಫೋರ್ಸ್ ಮಜೂರ್ (ಹಿಡಿತ ಮೀರಿದ ಘಟನೆ) ಕಲಮಿನಲ್ಲಿ ಯುದ್ಧ, ದಂಗೆ, ಭೂಕಂಪ, ಚಂಡಮಾರುತ, ಜ್ವಾಲಾಮುಖಿ ಎಲ್ಲ ಇದೆ. ಸಾಂಕ್ರಾಮಿಕ ರೋಗ ಎಲ್ಲೂ ಇಲ್ಲ. ಕೇಳಿದರೆ "ಅದೂ ಅದರೊಳಗೇ ಬರುತ್ತೆ ಬಿಡಿ" ಅನ್ನುತ್ತಾರೆ.

2020ರಲ್ಲಿ ಸೈಟ್ ಮುಚ್ಚಿದಾಗ ನಮಗೆ ಅವಧಿ ವಿಸ್ತರಣೆ ಸಿಕ್ಕಿತು, ಒಂದು ಪೈಸೆ ಹಣ ಸಿಗಲಿಲ್ಲ. ಸ್ಕ್ಯಾಫೋಲ್ಡಿಂಗ್ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಮತ್ತೆ ಕೆಲಸ ಶುರುವಾದ ಮೇಲೂ ಒಂದು ಕೋಣೆಗೆ ಇಬ್ಬರೇ, ಲಿಫ್ಟಿಗೆ ಸರದಿ, ಊಟಕ್ಕೆ ಪಾಳಿ. ಕೆಲಸ ಅರ್ಧಕ್ಕರ್ಧ ನಿಧಾನ. ಇನ್ನೊಮ್ಮೆ ಅಂಥದ್ದು ಬಂದರೆ ನಮ್ಮಂಥವರು ಉಳಿಯುವುದು ಕಷ್ಟ. ಈ ಕಲಂ ಸಾಕಾ? ಕೆಲಸ ನಿಂತ ದಿನಗಳ ಕೂಲಿ ಯಾರ ತಲೆಗೆ?

ಕರಾರು_ವಕೀಲೆ:
ಸಾಕಾಗುವುದಿಲ್ಲ. ನಾನು ಕಟ್ಟಡ ವ್ಯಾಜ್ಯಗಳನ್ನೇ ನೋಡುವ ವಕೀಲೆ. ಕೋವಿಡ್ ಕಾಲದ ಕ್ಲೇಮುಗಳು ಈಗಲೂ ನನ್ನ ಮೇಜಿನ ಮೇಲಿವೆ. ಅವುಗಳಲ್ಲಿ ಸಣ್ಣ ಉಪಗುತ್ತಿಗೆದಾರರೇ ಜಾಸ್ತಿ ಪೆಟ್ಟು ತಿಂದಿದ್ದಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. 1999ರ ಫಿಡಿಕ್‌ನ 19.1ನೇ ಕಲಮಿನಲ್ಲಿರುವ ಪಟ್ಟಿ ಉದಾಹರಣೆಗಳ ಪಟ್ಟಿ ಅಷ್ಟೇ. ಘಟನೆ ನಿಮ್ಮ ಹಿಡಿತ ಮೀರಿರಬೇಕು. ಸಹಿಗೆ ಮುಂಚೆ ಅದಕ್ಕೆ ತಯಾರಿ ಮಾಡಿಕೊಳ್ಳಲು ಆಗದಂತಿರಬೇಕು. ಬಂದ ಮೇಲೆ ತಪ್ಪಿಸಿಕೊಳ್ಳಲೂ ಆಗಬಾರದು. ಎದುರು ಪಕ್ಷದ ಕಾರಣದಿಂದ ಆಗಿರಬಾರದು. ಈ ನಾಲ್ಕೂ ಇದ್ದರೆ ಪಟ್ಟಿಯಲ್ಲಿಲ್ಲದ ರೋಗವೂ ಒಳಗೆ ಬರಬಹುದು.

ಆದರೆ ಎರಡನೆಯ ಷರತ್ತನ್ನು ಇನ್ನೊಮ್ಮೆ ಓದಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಅಂದಿತು. ಅದಕ್ಕಿಂತ ಮುಂಚೆ ಸಹಿಯಾದ ಒಪ್ಪಂದದಲ್ಲಿ "ಇದಕ್ಕೆ ನಾವು ಹೇಗೆ ತಯಾರಾಗಿರಬೇಕಿತ್ತು?" ಅಂತ ಕೇಳಬಹುದಿತ್ತು. ನೀವು ಸಹಿ ಹಾಕುತ್ತಿರುವುದು ಈಗ. ನಾಳೆ ಎದುರಿನ ವಕೀಲರು "ಇಷ್ಟೆಲ್ಲ ಅನುಭವಿಸಿದ ಮೇಲೂ ಒಂದು ಸಾಲು ಯಾಕೆ ಬರೆಸಲಿಲ್ಲ?" ಅಂದೇ ಅನ್ನುತ್ತಾರೆ. ಉತ್ತರ ಕೊಡುವುದು ಕಷ್ಟ.

ಇನ್ನು ಹಣದ ವಿಷಯ. ನಿಮಗೆ ದಿನ ಸಿಕ್ಕಿ ದುಡ್ಡು ಸಿಗದೇ ಇದ್ದದ್ದು ಆಕಸ್ಮಿಕವಲ್ಲ, ಆ ಮಾದರಿ ಇರುವುದೇ ಹಾಗೆ. 8.4ರಲ್ಲಿ ಸಾಂಕ್ರಾಮಿಕದಿಂದ ಜನ ಅಥವಾ ಸಾಮಗ್ರಿಯ ಕೊರತೆ ಆದರೆ ಅವಧಿ ವಿಸ್ತರಣೆ ಅಂತ ಇದೆ. ಖರ್ಚಿನ ಮಾತಿಲ್ಲ. 19.4ರಲ್ಲೂ ಖರ್ಚು ಸಿಗುವುದು ಯುದ್ಧ, ದಂಗೆ ಥರದ ಘಟನೆಗಳಿಗೆ. ಭೂಕಂಪಕ್ಕೇ ಇಲ್ಲ. ಹಣಕ್ಕೆ ಇರುವ ದಾರಿ 13.7, ಅಂದರೆ ಕಾನೂನು ಬದಲಾವಣೆಯ ಕಲಂ. ಸರ್ಕಾರ ಸೈಟ್ ಮುಚ್ಚಿಸಿದರೆ ಆ ಆದೇಶವೇ ಕಾನೂನಿನ ಬದಲಾವಣೆ ಅಂತ ವಾದಿಸಬೇಕು. ಅಲ್ಲಿ ಸಮಯವೂ ಇದೆ, ಖರ್ಚೂ ಇದೆ. ನಿಮ್ಮ ಕರಡಿನಲ್ಲಿ ಆ ಕಲಂ ಉಳಿಸಿದ್ದಾರಾ ನೋಡಿ. ಉಪಗುತ್ತಿಗೆಯಲ್ಲಿ ಅದನ್ನೇ ಮೊದಲು ಕತ್ತರಿಸುತ್ತಾರೆ.

ಒಪ್ಪಂದದಲ್ಲಿ ಇಲ್ಲದಿದ್ದರೂ ಕಾನೂನು ಕಾಪಾಡುತ್ತದೆ ಅಂತ ಸುಮ್ನೆ ಕೂರಬೇಡಿ. ಫ್ರಾನ್ಸಿನಲ್ಲಿ 2016ರ ತಿದ್ದುಪಡಿ ಆದಾಗಿನಿಂದ ಪರಿಸ್ಥಿತಿ ತೀರಾ ಬದಲಾದರೆ ಒಪ್ಪಂದವನ್ನು ಮತ್ತೆ ಮಾತಾಡಿ ಅಂತ ಕೇಳಲು ಅವಕಾಶ ಇದೆ. ಇಂಗ್ಲಿಷ್ ಕಾನೂನು ಹಾಗಲ್ಲ. 1956ರಲ್ಲಿ ಒಂದು ತೀರ್ಪು ಬಂತು. 78 ಮನೆಗಳನ್ನು ಎಂಟು ತಿಂಗಳಲ್ಲಿ ಕಟ್ಟಬೇಕಿತ್ತು. ಕೆಲಸಗಾರರು ಸಿಗದೆ 22 ತಿಂಗಳು ಹಿಡಿಯಿತು. ಕೆಲಸ ಕಷ್ಟವಾಯಿತು, ದುಬಾರಿಯಾಯಿತು ಅಂದ ಮಾತ್ರಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ ಅಂದರು ನ್ಯಾಯಾಧೀಶರು. ಭಾರತದ 1872ರ ಕರಾರು ಕಾಯ್ದೆಯ 56ನೇ ಕಲಮಿನಲ್ಲೂ ಖರ್ಚು ಏರಿದ್ದೊಂದೇ ಕಾರಣ ಸಾಲದು.

ಸೈಟ್_ಪ್ಲಾನರ್:
ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ಮುಚ್ಚಿದ ದಿನಗಳನ್ನು ತೋರಿಸುವುದು ಸುಲಭ, ಆದೇಶದ ಪ್ರತಿ ಇಟ್ಟರೆ ಮುಗೀತು. ಹಣ ಸೋರಿದ್ದು ತೆರೆದ ಮೇಲೆ. "ಕೆಲಸ ನಿಧಾನವಾಯಿತು" ಅಂತ ಬರೆದರೆ ಯಾರೂ ಒಪ್ಪುವುದಿಲ್ಲ, ಎಷ್ಟು ನಿಧಾನ ಅಂತ ಅಳೆದು ತೋರಿಸಬೇಕು. ಒಂದೇ ತಂಡ, ಒಂದೇ ಥರದ ಗೋಡೆ, ನಿರ್ಬಂಧಕ್ಕೆ ಮೊದಲು ದಿನಕ್ಕೆ ಎಷ್ಟು ಚದರ ಮೀಟರ್, ಆಮೇಲೆ ಎಷ್ಟು. ಈ ಹೋಲಿಕೆಗೆ ಮೆಷರ್ಡ್ ಮೈಲ್ ಅನ್ನುತ್ತಾರೆ. ನಿರ್ಬಂಧ ಇಲ್ಲದ ದಿನಗಳ ಲೆಕ್ಕ ಇಲ್ಲದಿದ್ದರೆ ಹೋಲಿಸುವುದಕ್ಕೇ ಆಗುವುದಿಲ್ಲ. ಹಾಗಾಗಿ ಎಲ್ಲ ಚೆನ್ನಾಗಿರುವಾಗಲೇ ದಿನದ ಅಳತೆ ಬರೆಸಿ. ಲಿಫ್ಟಿಗೆ ಕಾದದ್ದು, ಪರೀಕ್ಷೆಗೆ ಹೋದ ಹೊತ್ತು, ಯಾರು ಪ್ರತ್ಯೇಕವಾಸದಲ್ಲಿದ್ದರು ಎಲ್ಲವೂ ಸೈಟ್ ಡೈರಿಯಲ್ಲಿ ಅದೇ ದಿನ ಬರಬೇಕು. ಟೈಲ್ಸ್ ತಡವಾದದ್ದಕ್ಕೆ ರೋಗ ಕಾರಣವೋ, ಆರ್ಡರ್ ಮೊದಲೇ ತಡವಾಗಿತ್ತೋ ಅಂತ ಎದುರಿನವರು ಕೇಳಿಯೇ ಕೇಳುತ್ತಾರೆ.

ಹಾಜರಿ_ಪುಸ್ತಕ:
ಕೂಲಿಯ ಬಗ್ಗೆ ನಾನು ಹೇಳುತ್ತೇನೆ, ನನ್ನ ಕೆಲಸವೇ ಅದು. ಮೇಲಿನವರಿಂದ ನಿಮಗೆ ಹಣ ಬರಲಿಲ್ಲ ಅಂತ ಕೆಲಸಗಾರರ ಕೂಲಿ ನಿಲ್ಲಿಸಲು ಬರುವುದಿಲ್ಲ. ಅದು ಬೇರೆ ಒಪ್ಪಂದ, ಬೇರೆ ಕಾನೂನು. ಕೋವಿಡ್‌ನಲ್ಲಿ ಒಂದೊಂದು ದೇಶ ಒಂದೊಂದು ಮಾಡಿತು. ಬ್ರಿಟನ್ ಸರ್ಕಾರ ಮೊದಲು ಒಂದು ಮಿತಿಯೊಳಗೆ ಸಂಬಳದ 80 ಶೇಕಡಾ ತಾನೇ ಕೊಟ್ಟಿತು. ಜರ್ಮನಿಯಲ್ಲಿ ಕುರ್ಟ್ಸಾರ್ಬೈಟ್ ಅನ್ನುವ ಹಳೆಯ ವ್ಯವಸ್ಥೆಯೇ ಇತ್ತು, ಕೆಲಸದ ಹೊತ್ತು ಕಡಿಮೆಯಾದರೆ ಕಳೆದುಹೋದ ಸಂಬಳದ ಒಂದು ಪಾಲನ್ನು ಸರ್ಕಾರದ ಕಡೆಯಿಂದ ತುಂಬಿಕೊಡುವುದು. ಭಾರತದಲ್ಲಿ 2020ರ ಮಾರ್ಚ್ 29ರ ಆದೇಶ ಪೂರ್ತಿ ಕೂಲಿ ಕೊಡಿ ಅಂದಿತು, ಮೇ ತಿಂಗಳಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಜೂನ್ 12ರಂದು ಸುಪ್ರೀಂ ಕೋರ್ಟ್ ಮಾಲೀಕರೂ ಕೆಲಸಗಾರರೂ ಕೂತು ಮಾತಾಡಿ ಅಂದಿತು. ಮುಂದಿನ ಸಲವೂ ಸರ್ಕಾರ ಕೊಡುತ್ತೆ ಅಂತ ನಂಬಿ ದರ ಹಾಕಬೇಡಿ.

ಇನ್ನೊಂದು. ಸೋಂಕಿಗೆ ಹೆದರಿ ಕೆಲಸಕ್ಕೆ ಬರದವರನ್ನು ಕೂಡಲೇ ತೆಗೆದುಹಾಕಬೇಡಿ. ಪ್ರಾಣಕ್ಕೆ ಕೂಡಲೇ ಅಪಾಯ ಇದೆ ಅಂತ ನಂಬಲು ಸರಿಯಾದ ಕಾರಣ ಇದ್ದು ಕೆಲಸದಿಂದ ದೂರ ಸರಿದವರಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಡಂಬಡಿಕೆ ರಕ್ಷಣೆ ಕೊಡುತ್ತದೆ. ಕಾನೂನು ಹಾಗಿರಲಿ, ನಿಮ್ಮ ಕೆಲಸ ಗೊತ್ತಿರುವ ಜನ ಅವರು. ಅವರ ಜೊತೆ ಮಾತಾಡಿ.

ಗಾರೆ_ಗುತ್ತಿಗೆ:
ಎಲ್ಲರಿಗೂ ಧನ್ಯವಾದ. 13.7ರ ಜಾಗ ನೋಡಿದೆ. ನಮ್ಮ ಕರಡಿನಲ್ಲಿ ಅದು ಇಲ್ಲವೇ ಇಲ್ಲ! ಇನ್ನೊಂದು ಅನುಮಾನ. ಕೋವಿಡ್ ಕಾಲದಲ್ಲಿ ಕೋರ್ಟುಗಳೇ ಗಡುವು ಮುಂದಕ್ಕೆ ಹಾಕಿದ್ದವು ಅಲ್ವಾ? ಹಾಗಾದರೆ ನೋಟಿಸ್ ಸ್ವಲ್ಪ ತಡವಾದರೂ ನಡೆಯುತ್ತಾ?

ಕರಾರು_ವಕೀಲೆ:
ಇಲ್ಲ, ದಯವಿಟ್ಟು ಆ ಭರವಸೆಯಲ್ಲಿ ಇರಬೇಡಿ. ಭಾರತದ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ ಕಾಲಮಿತಿ ವಿಸ್ತರಿಸಿದ್ದು ನಿಜ, ಅದು 2022ರ ಫೆಬ್ರವರಿ ಕೊನೆಯವರೆಗೆ ನಡೆಯಿತು. ಆದರೆ ಅದು ದಾವೆ, ಮೇಲ್ಮನವಿ, ಅರ್ಜಿಗಳಿಗೆ. ಒಪ್ಪಂದದಂತೆ ಎಂಜಿನಿಯರಿಗೆ ಕೊಡಬೇಕಾದ ನೋಟಿಸಿಗಲ್ಲ. ಫಿಡಿಕ್‌ನಲ್ಲಿ ಫೋರ್ಸ್ ಮಜೂರ್ ನೋಟಿಸಿಗೆ 14 ದಿನ, ಕ್ಲೇಮ್ ನೋಟಿಸಿಗೆ 28 ದಿನ. 28 ದಾಟಿದರೆ ಸಮಯವೂ ಇಲ್ಲ, ಹಣವೂ ಇಲ್ಲ. ಆಫೀಸಿಗೆ ಬೀಗ ಬಿದ್ದಿತ್ತು ಅನ್ನುವುದು ನೆಪವಾಗಿ ಕಾಣುತ್ತದೆ, ಆದ್ದರಿಂದ ಇಮೇಲ್ ನೋಟಿಸೂ ಸಿಂಧು ಅಂತ ಈಗಲೇ ಬರೆಸಿ.

ನಮ್ಮ ವೃತ್ತಿಯಲ್ಲಿ ಆದ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಧ್ಯಸ್ಥಿಕೆಯ ವಿಚಾರಣೆ ಈಗ ಎಷ್ಟೋ ಸಲ ವಿಡಿಯೋದಲ್ಲೇ ನಡೆಯುತ್ತದೆ. ನಿಮ್ಮ ಮೇಸ್ತ್ರಿ ಪರದೆಯ ಮುಂದೆ ಕೂತು ಸಾಕ್ಷಿ ಹೇಳುತ್ತಾರೆ, ಅವರ ಮುಂದೆ ಸ್ಕ್ಯಾನ್ ಮಾಡಿದ ಪುಟ ತೆರೆಯುತ್ತದೆ. ದಿನಾಂಕ ಕಾಣದ, ಸಹಿ ಅರ್ಧ ಕತ್ತರಿಸಿದ ಪುಟ ಹಿಡಿದು ತಡವರಿಸುವ ಒಳ್ಳೆಯ ಸಾಕ್ಷಿಗಳನ್ನು ಕಂಡಿದ್ದೇನೆ, ಸಂಕಟವಾಗುತ್ತದೆ. ಡೈರಿಯನ್ನು ಪೂರ್ತಿ ಪುಟ ಬರುವಂತೆ ವಾರವಾರ ಸ್ಕ್ಯಾನ್ ಮಾಡಿಸಿ.

ಸಹಿಗೆ ಮುಂಚೆ ಬರೆಸಬೇಕಾದ್ದು: ಸಾಂಕ್ರಾಮಿಕ, ಪ್ರತ್ಯೇಕವಾಸ, ಸರ್ಕಾರಿ ಮುಚ್ಚುವಿಕೆ ಈ ಮೂರೂ ಹೆಸರು ಹೇಳಿಯೇ ಇರಲಿ. ಕಾನೂನು ಬದಲಾವಣೆಯ ಕಲಂ ವಾಪಸ್ ಬರಲಿ. ಸ್ಕ್ಯಾಫೋಲ್ಡಿಂಗ್ ಬಾಡಿಗೆಗೆ ನಿಂತ ದಿನದ ದರ ಮೊದಲೇ ಗೊತ್ತಾಗಲಿ. ಕೆಲಸ ಎಷ್ಟು ದಿನ ನಿಂತರೆ ನೀವು ಹೊರಬರಬಹುದು ಅನ್ನುವುದೂ ಬೇಕು. ಫಿಡಿಕ್‌ನಲ್ಲಿ ಅದು ಸತತ 84 ದಿನ ಅಥವಾ ಒಟ್ಟು 140ಕ್ಕಿಂತ ಜಾಸ್ತಿ ದಿನ. ನಿಮ್ಮಷ್ಟು ಸಣ್ಣ ಸಂಸ್ಥೆಗೆ ಅದು ತುಂಬಾ ಉದ್ದ, ಕಡಿಮೆ ಕೇಳಿ. ಕರಡಿನಲ್ಲಿ ನೋಟಿಸಿಗೆ ನಿಮಗೆ ಎಷ್ಟು ದಿನ ಕೊಟ್ಟಿದ್ದಾರೆ? ಮುಖ್ಯ ಗುತ್ತಿಗೆದಾರರು ತಮ್ಮ 14ರೊಳಗೆ ಮೇಲಕ್ಕೆ ಕಳಿಸಬೇಕಲ್ಲ, ಹಾಗಾಗಿ ನಿಮಗೆ ಏಳೋ ಐದೋ ಇಟ್ಟಿರುತ್ತಾರೆ. ಅದನ್ನು ಹುಡುಕಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.