ಅಲನ್ ಪೇಜ್: ಅಂಕ ಗಳಿಸುವುದು ಕೆಲಸವಲ್ಲದ ಆಟಗಾರನಿಗೆ 1971ರ ಅತ್ಯುನ್ನತ ಪ್ರಶಸ್ತಿ ಸಂದದ್ದು ಹೇಗೆ?

ಪ್ರಶ್ನೆ:
ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಕೊಡುವ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ) ಪ್ರಶಸ್ತಿ ಸಾಮಾನ್ಯವಾಗಿ ದಾಳಿಯನ್ನು ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳ ಪಾಲಾಗುತ್ತದೆ. ರಕ್ಷಣಾ ವಿಭಾಗದಲ್ಲಿ ಅದನ್ನು ಪಡೆದವರು 1971ರಲ್ಲಿ ಮಿನ್ನೆಸೋಟಾ ವೈಕಿಂಗ್ಸ್‌ನ ಅಲನ್ ಪೇಜ್ ಮತ್ತು 1986ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ ಮಾತ್ರ. ಟೇಲರ್ ಅವರ ಹೆಸರಿನಲ್ಲಿ ಆ ವರ್ಷ 20.5 ಸ್ಯಾಕ್‌ಗಳಿವೆ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು ಸ್ಯಾಕ್). ಆದರೆ ಪೇಜ್ ಅವರ ಹೆಸರಿನಲ್ಲಿ ಒಂದೂ ಅಧಿಕೃತ ಸ್ಯಾಕ್ ಕಾಣುವುದಿಲ್ಲ. ಹಾಗಿದ್ದ ಮೇಲೆ ಅವರ ಆಟವನ್ನು ಯಾವುದರಿಂದ ಅಳೆದರು? ಅಂಥ ಆಟಗಾರನನ್ನು 1978ರಲ್ಲಿ ತಂಡವು ಋತುವಿನ ನಡುವೆಯೇ ಕೈಬಿಟ್ಟದ್ದೇಕೆ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಸ್ಯಾಕ್ ಅನ್ನು ಲೀಗ್ ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ. ಪೇಜ್ ಅವರ ಕೊನೆಯ ಋತು 1981. ದಾಖಲೆಯಲ್ಲಿ ಆ ಕಲಂ ಖಾಲಿ ಇರುವುದಕ್ಕೆ ಕಾರಣ ಇಷ್ಟೆ.

ಅವರ ಮೌಲ್ಯ ತಿಳಿಯಬೇಕಾದರೆ ಚೆಂಡು ಚಲಿಸಿದ ಮೊದಲ ಕ್ಷಣವನ್ನು ನೋಡಬೇಕು. ಪೇಜ್ ಆಡುತ್ತಿದ್ದ ಸ್ಥಾನವಾದ ಡಿಫೆನ್ಸಿವ್ ಟ್ಯಾಕಲ್ ಎಂದರೆ ರಕ್ಷಣಾ ಸಾಲಿನ ನಡುವೆ ಬಾಗಿ, ಒಂದು ಕೈಯನ್ನು ನೆಲಕ್ಕೂರಿ ನಿಲ್ಲುವವನು. ಎದುರಿನ ಗಾರ್ಡ್‌ನ (ತನ್ನ ಕ್ವಾರ್ಟರ್‌ಬ್ಯಾಕ್‌ಗೆ ಅಡ್ಡ ನಿಂತು ಕಾಯುವವನ) ಭಾರವನ್ನು ತಾನೇ ತಡೆದು ನಿಲ್ಲಿಸುವುದೇ ಅವನ ಕೆಲಸವೆಂದು ಆ ಕಾಲದ ಬಹಳಷ್ಟು ತಂಡಗಳು ಭಾವಿಸಿದ್ದವು. ನೋಟ್ರ ಡೇಮ್ ವಿಶ್ವವಿದ್ಯಾಲಯದಲ್ಲಿ ರಕ್ಷಣಾ ಸಾಲಿನ ಅಂಚಿನಲ್ಲಿ ಆಡುತ್ತಿದ್ದು, 1967ರ ಡ್ರಾಫ್ಟ್‌ನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) 15ನೆಯವರಾಗಿ ಆಯ್ಕೆಯಾದ ಪೇಜ್, ನಡುಸಾಲಿಗೆ ಬಂದ ಮೇಲೂ ಅಂಚಿನವರ ವೇಗವನ್ನು ಬಿಡಲಿಲ್ಲ. ಗಾರ್ಡ್ ಸೊಂಟ ಎತ್ತುವಷ್ಟರಲ್ಲಿ ಅವರು ಅವನ ಭುಜದ ಪಕ್ಕದಿಂದ ನುಸುಳಿ ಒಳಗೆ ಸೇರಿರುತ್ತಿದ್ದರು. ಆಗ ಎದುರಾಳಿಯ ಇಡೀ ಯೋಜನೆಯೇ ಹಾದಿ ತಪ್ಪುತ್ತಿತ್ತು.

1971ರಲ್ಲಿ ವೈಕಿಂಗ್ಸ್ 14 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 139 ಅಂಕ, ಅಂದರೆ ಪಂದ್ಯಕ್ಕೆ ಹತ್ತಕ್ಕಿಂತ ಕಡಿಮೆ. ಇದು ಒಬ್ಬರ ಸಾಧನೆಯಲ್ಲ. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್ ಅದೇ ಸಾಲಿನಲ್ಲಿದ್ದರು. ಆದರೂ ಆ ಸಾಲಿಗೆ ವೇಗ ಕೊಟ್ಟವರು ಪೇಜ್ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಕಬಡ್ಡಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ರೈಡರ್‌ನ ಅಂಕಗಳನ್ನು ಎಲ್ಲರೂ ಎಣಿಸುತ್ತಾರೆ, ಅವನು ಯಾವ ಮೂಲೆಗೆ ಹೋಗಲು ಹೆದರಿದ ಎಂಬುದನ್ನು ಯಾರೂ ಬರೆದಿಡುವುದಿಲ್ಲ.

ಉತ್ತರ 2:
ಕೈಬಿಟ್ಟ ವಿಷಯಕ್ಕೆ ಬರುತ್ತೇನೆ. ಪೇಜ್ ದೂರದ ಓಟವನ್ನು ರೂಢಿಸಿಕೊಂಡರು, ತೂಕ ಇಳಿಯಿತು. ಸುಮಾರು 245 ಪೌಂಡ್ ಇದ್ದವರು ಇಪ್ಪತ್ತು ಪೌಂಡ್‌ನಷ್ಟು ಹಗುರಾದಾಗ, ಇಷ್ಟು ಸಣ್ಣ ದೇಹದಿಂದ ನಡುಸಾಲಿನಲ್ಲಿ ನಿಲ್ಲಲಾಗದು ಎಂದು ಕೋಚ್ ಬಡ್ ಗ್ರಾಂಟ್ ನಿರ್ಧರಿಸಿದರು. 1978ರ ಅಕ್ಟೋಬರ್‌ನಲ್ಲಿ ವೈಕಿಂಗ್ಸ್ ಅವರನ್ನು ಬಿಡುಗಡೆ ಮಾಡಿತು. ಶಿಕಾಗೊ ಬೇರ್ಸ್ ಕೇವಲ 100 ಡಾಲರ್ ಶುಲ್ಕ ಕಟ್ಟಿ ಸೇರಿಸಿಕೊಂಡಿತು. ತಂಡ ಬದಲಾದರೂ ಆ ವರ್ಷ 16 ಪಂದ್ಯಗಳಲ್ಲಿ ಒಂದೂ ತಪ್ಪಲಿಲ್ಲ. ಶಿಕಾಗೊದಲ್ಲಿ ಅವರು ಇನ್ನೂ ಮೂರು ಪೂರ್ಣ ಋತು ಆಡಿದರು. ಒಟ್ಟು 15 ವರ್ಷಗಳಲ್ಲಿ ಸತತ 218 ಪಂದ್ಯ. 1979ರಲ್ಲಿ, ಆಟಗಾರರಾಗಿದ್ದಾಗಲೇ, ಮ್ಯಾರಥಾನ್ ಮುಗಿಸಿದರು. ತೂಕದ ಬಗೆಗಿನ ಆ ನಿರ್ಧಾರ ತಪ್ಪಾಗಿತ್ತೆಂದೇ ನಾನು ಹೇಳುತ್ತೇನೆ, ಏಕೆಂದರೆ ಅವರ ಆಟ ಮೊದಲಿನಿಂದಲೂ ತೂಕವನ್ನು ನೆಚ್ಚಿದ್ದಲ್ಲ. ಆಟಗಾರರ ಸಂಘದಲ್ಲಿ ಅವರು ಸಕ್ರಿಯರಾಗಿದ್ದರೆಂಬುದನ್ನೂ ಈ ಸಂದರ್ಭದಲ್ಲಿ ಮರೆಯಬಾರದು.

ಉತ್ತರ 3:
ಮೇಲಿನ ಇಬ್ಬರೂ ಚೆನ್ನಾಗಿ ವಿವರಿಸಿದ್ದಾರೆ. ಒಂದು ಮಾತು ಸೇರಿಸುತ್ತೇನೆ. ಪೇಜ್ ಆಟ ಬಿಟ್ಟ ನಂತರ ಕಾನೂನಿನ ಕಡೆ ತಿರುಗಿದರೆಂದು ಅನೇಕರು ಬರೆಯುತ್ತಾರೆ, ಅದು ಸರಿಯಲ್ಲ. ಅವರು ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಪದವಿ ಪಡೆದದ್ದು 1978ರಲ್ಲಿ, ಅಂದರೆ ವೈಕಿಂಗ್ಸ್‌ನಲ್ಲಿ ಆಡುತ್ತಲೇ. 1977ರ ಜನವರಿಯಲ್ಲಿ ಓಕ್ಲೆಂಡ್ ರೈಡರ್ಸ್ ಎದುರು ಸೋತ ಸೂಪರ್ ಬೌಲ್ (ಲೀಗ್‌ನ ಅಂತಿಮ ಪಂದ್ಯ), ಅವರ ಪಾಲಿನ ನಾಲ್ಕನೆಯ ಸೋಲು, ಆ ಓದಿನ ನಡುವೆಯೇ ಬಂದದ್ದು.

1992ರಲ್ಲಿ ಮಿನ್ನೆಸೋಟಾ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಮತದಾರರೇ ಆರಿಸುವ ನ್ಯಾಯಮೂರ್ತಿ ಸ್ಥಾನವೊಂದಕ್ಕೆ ಸ್ಪರ್ಧಿಸಲು ಹೊರಟಾಗ, ಹಾಲಿ ನ್ಯಾಯಮೂರ್ತಿಯ ಅವಧಿಯನ್ನು ಗವರ್ನರ್ ವಿಸ್ತರಿಸಿದ್ದರಿಂದ ಚುನಾವಣೆಯೇ ನಿಂತುಹೋಗುವಂತಾಯಿತು. ಪೇಜ್ ಮೊಕದ್ದಮೆ ಹೂಡಿ ಗೆದ್ದರು, ಚುನಾವಣೆಯಲ್ಲೂ ಗೆದ್ದರು, ಮತ್ತು 1993ರ ಜನವರಿಯಲ್ಲಿ ಆ ನ್ಯಾಯಾಲಯದ ಮೊದಲ ಆಫ್ರಿಕನ್ ಅಮೆರಿಕನ್ ನ್ಯಾಯಮೂರ್ತಿಯಾಗಿ ಅಧಿಕಾರ ವಹಿಸಿಕೊಂಡರು. ನಿವೃತ್ತಿಯ ವಯಸ್ಸು 70 ತುಂಬಿದ 2015ರವರೆಗೆ ಆ ಪೀಠದಲ್ಲಿದ್ದರು.